ಮೇಷ್ಟ್ರ ಬಕೆಟ್

ಜನವರಿ ಹದಿನೇಳು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಲಾಯದ ಕೊನೆಯ ಕೋಣೆಯಲ್ಲಿ ಚಿಟಿಕೆ ಮೊಣಕಾಲೂರಿ ಕೂತು ನೆಲಕ್ಕೆ ಹಾಸಿದ್ದ ಹುಲ್ಲನ್ನು ಕೆದಕುತ್ತಿದ್ದಳು. ಒಂದು ಮೂಲೆಯಿಂದ ಶುರುಮಾಡಿದವಳು ಇನ್ನೊಂದು ಮೂಲೆ ಮುಟ್ಟಿದ್ದಳು. ಹುಡುಕುತ್ತಿದ್ದದ್ದು ಸಿಗಲಿಲ್ಲ.

“ಏನೇ, ಓಲೆ ಕಳ್ಕೊಂಡ್ಯಾ?” ಅರ್ಧ ಬಾಗಿಲಿನ ಮೇಲಿಂದ ಅಣ್ಣ ಇಣುಕಿದ. ದೊಡ್ಡಪ್ಪನ ಮಗ ಅವನು. ಹೈಸ್ಕೂಲಿಗೆ ಸೇರಿದ ಮೇಲೆ ಬರೀ ಇಣುಕುತ್ತಿದ್ದ, ಒಳಗೆ ಬರುತ್ತಿರಲಿಲ್ಲ.

“ಲದ್ದಿ ಹುಡುಕ್ತಿದೀನಿ.”

“ಅದನ್ನೂ ಹುಡುಕ್ಬೇಕಾ? ಪಕ್ಕದ ಕೋಣೆಗೆ ಬಾ, ರಾಶಿ ಬಿದ್ದಿದೆ. ಚೀಲಕ್ಕೆ ತುಂಬಿ ಕೊಡ್ತೀನಿ.”

“ಮೇಷ್ಟ್ರದ್ದೇ ಬೇಕು. ನಿನ್ನೆ ಸಂಜೆ ಸ್ವಲ್ಪಾನೇ ಇತ್ತು. ಈಗ ಏನೂ ಇಲ್ಲ.”

ಅಣ್ಣನ ನಗು ನಿಂತಿತು. ಲದ್ದಿ ನಿಂತರೆ ಜೀವಕ್ಕೇ ಅಪಾಯ ಎಂದು ಅವನಿಗೂ ಗೊತ್ತಿತ್ತು. ಅವನು ಅಂಗಳ ದಾಟಿ ಮನೆಯ ಕಡೆ ಓಡಿದ.

ಮೇಷ್ಟ್ರು ಎಂದರೆ ಕುದುರೆ. ದೊಡ್ಡಪ್ಪ ಕುದುರೆ ಸವಾರಿ ಕಲಿಸುವ ಶಾಲೆ ನಡೆಸುತ್ತಿದ್ದ. ಅಲ್ಲಿದ್ದ ಆರು ಕುದುರೆಗಳಲ್ಲಿ ಎಲ್ಲಕ್ಕಿಂತ ಹಿರಿಯದು ಈ ಬೂದು ಬಣ್ಣದ ಕುದುರೆ. ವಯಸ್ಸು ಇಪ್ಪತ್ತೇಳು. ಊರಿನ ಅರ್ಧದಷ್ಟು ಮಕ್ಕಳು ಈ ಬೆನ್ನಿನ ಮೇಲಿಂದಲೇ ಬೀಳಲು ಕಲಿತಿದ್ದರು, ಆಮೇಲೆ ಕೂರಲು ಕಲಿತಿದ್ದರು. ಚಿಟಿಕೆಯ ಅಮ್ಮನೂ ಅವರಲ್ಲೊಬ್ಬಳು. ಹಾಗಾಗಿ ಮೇಷ್ಟ್ರನ್ನು ಯಾರೂ ‘ಅದು’ ಎನ್ನುತ್ತಿರಲಿಲ್ಲ. ಮೇಷ್ಟ್ರು ಬಂದರು, ಮೇಷ್ಟ್ರು ತಿಂದರು, ಅಷ್ಟೇ. ಈಗ ಅವರು ರಿಟೈರ್ ಆಗಿದ್ದರು.

ಹುಟ್ಟಿದಾಗ ಚಿಟಿಕೆಯಷ್ಟಿದ್ದಳು ಎಂದು ಅಜ್ಜಿ ಇಟ್ಟ ಹೆಸರು ಚಿಟಿಕೆ. ಐದನೇ ಕ್ಲಾಸಿಗೆ ಬಂದರೂ ಹೆಸರು ಬಿಟ್ಟು ಹೋಗಿರಲಿಲ್ಲ. ಈ ಚಳಿಗಾಲದಲ್ಲಿ ಮೇಷ್ಟ್ರ ಜವಾಬ್ದಾರಿ ತನಗೇ ಬೇಕೆಂದು ಅವಳು ಹಟ ಮಾಡಿ ಪಡೆದಿದ್ದಳು.

ಈ ಸಲದ ಚಳಿ ಬರೀ ಚಳಿಯಾಗಿರಲಿಲ್ಲ. ಜೊತೆಗೆ ಮಳೆಯೂ ಹಿಡಿದು ಕೂತಿತ್ತು. ಒಣ ಚಳಿಯನ್ನು ಕುದುರೆ ಹೇಗೋ ತಡೆಯುತ್ತದೆ. ಮೈಕೂದಲು ನೆಟ್ಟಗೆ ನಿಲ್ಲುತ್ತದೆ, ಕೂದಲ ನಡುವೆ ಗಾಳಿ ತುಂಬಿ ಮೈ ಬೆಚ್ಚಗಿರುತ್ತದೆ. ಆದರೆ ಮಳೆಗೆ ಕೂದಲು ಒದ್ದೆಯಾಗಿ ಅಂಟಿಕೊಂಡರೆ ಆ ಗಾಳಿಗೆ ಜಾಗ ಇರುವುದಿಲ್ಲ. ಮೊದಲ ದಿನವೇ ದೊಡ್ಡಪ್ಪ ಇದನ್ನೆಲ್ಲ ಹೇಳಿಕೊಟ್ಟಿದ್ದ. ಒದ್ದೆ ಮೈಮೇಲೆ ಕಂಬಳಿ ಹೊದಿಸಬಾರದು. ಮೊದಲು ಹುಲ್ಲಿನ ಹಿಡಿಯಿಂದ ಉಜ್ಜಿ ಒಣಗಿಸಬೇಕು. ಕಂಬಳಿಯ ಅಡಿಗೆ ಕೈ ತೂರಿಸಿ, ಮೈ ಬೆಚ್ಚಗಿದೆಯೇ ಎಂದು ಭುಜದ ಹತ್ತಿರ ಮುಟ್ಟಿ ನೋಡಬೇಕು. ಕಾಲಿನ ಕೆಸರನ್ನು ಚಳಿಯಲ್ಲಿ ತೊಳೆಯಬಾರದು. ಒಣಗಲು ಬಿಟ್ಟು ಆಮೇಲೆ ಬ್ರಷ್ ಮಾಡಬೇಕು.

ಚಿಟಿಕೆ ಒಂದನ್ನೂ ತಪ್ಪಿಸಿರಲಿಲ್ಲ. ಸಾಲದ್ದಕ್ಕೆ ತನ್ನದೇ ಒಂದು ಐಡಿಯಾ ಸೇರಿಸಿದ್ದಳು. ಮೇಷ್ಟ್ರ ಕುತ್ತಿಗೆ ಚಳಿಗೆ ಬಿಗಿದುಕೊಂಡು, ನೆಲದ ಮೇಲಿನ ಬಕೆಟ್‌ಗೆ ಬಾಗುವುದು ಕಷ್ಟವಾಗುತ್ತಿತ್ತು. ಅವಳು ಅರ್ಧ ಬಾಗಿಲಿನ ಹೊರಗಡೆಯ ಕೊಕ್ಕೆಗೆ ಬಕೆಟ್ ನೇತುಹಾಕಿದಳು. ತಲೆ ಹೊರಗೆ ಚಾಚಿದರೆ ಸಾಕು, ಮೂತಿಗೇ ನೀರು.

“ಭಲೇ ಇಂಜಿನಿಯರ್!” ಎಂದಿದ್ದ ದೊಡ್ಡಪ್ಪ.

ಅಂದಿನಿಂದ ದಿನವೂ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಬಕೆಟ್ ನೋಡುತ್ತಿದ್ದಳು. ದೊಡ್ಡಪ್ಪ ಅಂಗಳದಿಂದಲೇ ಕೂಗುತ್ತಿದ್ದ, “ನೀರು ತುಂಬಿದ್ಯೇನೇ?”

“ತುಂಬಿದೆ!”

ನಿಜವಾಗಿಯೂ ತುಂಬಿರುತ್ತಿತ್ತು, ಕಂಠದವರೆಗೆ.

ಆ ಭಾನುವಾರ ಹಾಲಿನವನ ಗಾಡಿ ಹೋದ ಸ್ವಲ್ಪ ಹೊತ್ತಿಗೆ, ದೊಡ್ಡಪ್ಪ ಫೋನ್ ಮಾಡಿ ಕರೆಸಿದ ಪ್ರಾಣಿಗಳ ಡಾಕ್ಟರಮ್ಮ ಬಂದರು. ಮೊಣಕಾಲುದ್ದದ ರಬ್ಬರ್ ಬೂಟು, ಮಳೆಕೋಟು, ಕುತ್ತಿಗೆಯಲ್ಲಿ ಸ್ಟೆತಾಸ್ಕೋಪು. ಅವರು ಚಿಕ್ಕವರಿದ್ದಾಗ ಮೇಷ್ಟ್ರ ಬೆನ್ನಿನಿಂದ ಮೂರು ಸಲ ಬಿದ್ದಿದ್ದರಂತೆ.

“ಏನ್ ಮೇಷ್ಟ್ರೇ, ಯಾಕೆ ಮುಖ ಬಾಡಿದೆ?” ಎನ್ನುತ್ತ ಹೊಟ್ಟೆಯ ಪಕ್ಕಕ್ಕೆ ಸ್ಟೆತಾಸ್ಕೋಪು ಇಟ್ಟರು. ಬಹಳ ಹೊತ್ತು ಕೇಳಿದರು. ಆ ಪಕ್ಕಕ್ಕೂ ಹೋಗಿ ಕೇಳಿದರು. ಆಮೇಲೆ ಅದನ್ನು ಚಿಟಿಕೆಯ ಕಿವಿಗೆ ಸಿಕ್ಕಿಸಿದರು. “ಏನ್ ಕೇಳ್ಸುತ್ತೆ?”

“ಏನೂ ಇಲ್ಲ.”

“ಅದೇ ತೊಂದ್ರೆ. ಗುಡುಗುಡು ಅನ್ಬೇಕಿತ್ತು.”

ಆಮೇಲೆ ಹೆಗಲವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸ್ ತೊಟ್ಟು, ಮೇಷ್ಟ್ರ ಬಾಲ ಎತ್ತಿ, ಕೈ ಒಳಗೆ ಹಾಕಿದರು. ಅಣ್ಣ ಮುಖ ತಿರುಗಿಸಿಕೊಂಡ. ಚಿಟಿಕೆ ತಿರುಗಿಸಲಿಲ್ಲ.

“ಲದ್ದಿ ಇದೆ. ಆದ್ರೆ ಕಲ್ಲಾಗಿದೆ, ಮುಂದಕ್ಕೆ ಹೋಗ್ತಿಲ್ಲ,” ಎಂದರು. ಮೇಷ್ಟ್ರ ತುಟಿ ಎತ್ತಿ ವಸಡು ಮುಟ್ಟಿದರು. ಬೆರಳು ಅಂಟಿಕೊಂಡಂತೆ ಎದ್ದು ಬಂತು. “ಬಾಯಿ ಪೂರ್ತಿ ಒಣಗಿದೆ. ನೀರು ಕುಡೀತಿದಾರಾ?”

“ನೀರಿಗೇನು ಕಮ್ಮಿ ಇಲ್ಲ ಡಾಕ್ಟ್ರೇ,” ಎಂದ ದೊಡ್ಡಪ್ಪ. “ಇವಳು ದಿನಾ ತುಂಬಿಸ್ತಾಳೆ. ಬಕೆಟ್ ಯಾವಾಗ್ಲೂ ಫುಲ್.”

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. “ಇಷ್ಟು ಕುಡಿದ ಮೇಲೂ ಹೀಗೆ ಒಣಗ್ತಾರೆ ಅಂದ್ರೆ ನೀರು ಇನ್ನೆಲ್ಲೋ ಹೋಗ್ತಿದೆ. ಒಳಗೆ ದೊಡ್ಡದೇನೋ ಕೆಟ್ಟಿರಬೇಕು. ಇಲ್ಲಿ ಕಂಡುಹಿಡಿಯೋಕಾಗಲ್ಲ. ದೊಡ್ಡಾಸ್ಪತ್ರೆಗೆ ಕಳಿಸಿಬಿಡಿ.”

“ಲಾರೀಲಾ?” ಎಂದ ದೊಡ್ಡಪ್ಪ. “ಈ ಮಳೇಲಿ, ಅಷ್ಟು ದೂರ? ಈ ವಯಸ್ಸಿಗೆ ಅಷ್ಟು ಹೊತ್ತು ನಿಂತಿರ್ತಾರಾ?”

“ನಿಲ್ತಾರೆ ಅಂತ ನಾನು ಮಾತು ಕೊಡೋಕಾಗಲ್ಲ. ಬೇರೆ ದಾರಿ ಇದ್ದಿದ್ರೆ ಹೇಳ್ತಿರ್ಲಿಲ್ಲ.”

ದೊಡ್ಡಪ್ಪ ಜೇಬಿನಿಂದ ಫೋನು ತೆಗೆದು ಲಾರಿಯವನ ನಂಬರು ಹುಡುಕತೊಡಗಿದ.

ಚಿಟಿಕೆ ಬಾಗಿಲ ಹೊರಗಿನ ಬಕೆಟ್ ನೋಡಿದಳು. ಮಾಡಿನ ಅಂಚಿನಿಂದ ಒಂದು ಹನಿ ಬಿತ್ತು, ಟಪ್. ಸ್ವಲ್ಪ ಹೊತ್ತಿಗೆ ಇನ್ನೊಂದು, ಟಪ್. ಕಂಠದವರೆಗಿದ್ದ ನೀರು ಅಲುಗಿ, ಅಂಚಿನಿಂದ ಹೊರಕ್ಕೆ ಜಾರಿತು.

ಮಳೆಯೇ ತುಂಬಿಸುತ್ತಿರುವುದು ಅವಳಿಗೆ ಮೊದಲ ವಾರವೇ ಗೊತ್ತಾಗಿತ್ತು. ಆಗ ಖುಷಿಯಾಗಿತ್ತು. ನಲ್ಲಿಯಿಂದ ಭಾರದ ಬಕೆಟ್ ಹೊತ್ತು ತರುವ ಕೆಲಸ ತಪ್ಪಿತಲ್ಲ! ಮೇಷ್ಟ್ರು ಕುಡಿಯುತ್ತಾರೆ, ಮಳೆ ತುಂಬಿಸುತ್ತದೆ ಎಂದುಕೊಂಡಿದ್ದಳು. ತುಂಬಿಸುವುದನ್ನು ಕಣ್ಣಾರೆ ಕಂಡಿದ್ದಳು. ಕುಡಿಯುವುದನ್ನು?

ಈಗ ಹೇಳಿದರೆ ಇಷ್ಟು ದಿನ ತುಂಬಿಸಿದವಳು ತಾನಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅಣ್ಣನಂತೂ ಮುಂದಿನ ಚಳಿಗಾಲದವರೆಗೂ ಆಡಿಕೊಳ್ಳುತ್ತಾನೆ. ಮೇಷ್ಟ್ರ ಜವಾಬ್ದಾರಿಯೂ ಕೈಬಿಟ್ಟು ಹೋಗಬಹುದು.

“ಹಲೋ,” ಎಂದ ದೊಡ್ಡಪ್ಪ ಫೋನಿಗೆ.

“ದೊಡ್ಡಪ್ಪ, ಇರಿ!” ಎಂದಳು ಚಿಟಿಕೆ. ದನಿ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. “ಬಕೆಟ್ ಫುಲ್ ಇರುತ್ತೆ. ಆದ್ರೆ ನಾನು ತುಂಬಿಸಲ್ಲ.”

“ನೀನಲ್ದೆ ಇನ್ಯಾರು? ದೆವ್ವಾನಾ?” ಎಂದ ಅಣ್ಣ.

“ಮಳೆ. ಮಾಡಿಂದ ನೀರು ಬೀಳುತ್ತೆ. ನಾನು ಬಂದಾಗ ತುಂಬಿರುತ್ತೆ, ಹಾಗೇ ಹೇಳ್ತೀನಿ. ಅವ್ರು ಕುಡಿದಿದ್ದನ್ನ ನಾನು ನೋಡೇ ಇಲ್ಲ. ಒಂದ್ ದಿನಾನೂ.”

ದೊಡ್ಡಪ್ಪ ಮಾಡಿನ ಅಂಚನ್ನು ನೋಡಿದ, ಬಕೆಟ್ ನೋಡಿದ. “ಆಮೇಲೆ ಮಾಡ್ತೀನಪ್ಪ,” ಎಂದು ಫೋನ್ ಇಟ್ಟ. ಬೈಗುಳ ಬರುತ್ತದೆಂದು ಚಿಟಿಕೆ ಕಾದಳು.

“ನಾನೂ ದಿನಾ ಈ ದಾರೀಲೇ ಓಡಾಡ್ತೀನಿ,” ಎಂದ ಅವನು. “ನನ್ನ ಕಣ್ಣಿಗೇನಾಗಿತ್ತು?”

ಡಾಕ್ಟರಮ್ಮ ಬಕೆಟ್‌ಗೆ ಕೈ ಅದ್ದಿ ತಟ್ಟನೆ ಹೊರಗೆಳೆದರು. “ಅಬ್ಬಾ! ನನಗೇ ಬೆರಳು ಜೋಮು ಹಿಡೀತು.” ಮೇಷ್ಟ್ರ ಬಾಯಿ ಬಿಡಿಸಿ ಟಾರ್ಚ್ ಬಿಟ್ಟರು. ಹಿಂದಿನ ಹಲ್ಲುಗಳು ಸವೆದು ನುಣ್ಣಗಾಗಿದ್ದವು. ಒಂದು ಸೀಳಿತ್ತು. “ಬಾ, ಇಲ್ನೋಡು ಪುಟ್ಟಾ. ಈ ಹಲ್ಲಿಗೆ ಆ ನೀರು ತಾಗಿದ್ರೆ ಜೀವ ಝುಂ ಅನ್ನುತ್ತೆ. ಬಾಯಾರಿಕೆ ಆದ್ರೂ ಕುಡಿಯಲ್ಲ. ಒಣಹುಲ್ಲು ತಿಂತಾರೆ, ನೀರಿಲ್ಲ. ಒಳಗೆ ಕಲ್ಲಾಗದೆ ಇನ್ನೇನಾಗುತ್ತೆ?”

“ಹಾಗಾದ್ರೆ ದೊಡ್ಡ ಕಾಯಿಲೆ ಇಲ್ವಾ?”

“ಇಲ್ಲ ಅಂತ ಹೇಳ್ತಿಲ್ಲ. ಮಧ್ಯಾಹ್ನದವರೆಗೆ ಕಾಯ್ಬಹುದು ಅಂತ ಹೇಳ್ತಿದೀನಿ. ಅಷ್ಟರಲ್ಲಿ ಅವರಾಗಿ ನೀರು ಕುಡಿದು ಲದ್ದಿ ಹಾಕ್ಲಿ. ಹಾಕ್ಲಿಲ್ಲ ಅಂದ್ರೆ ಲಾರಿ.”

ಡಾಕ್ಟರಮ್ಮ ನೋವಿಗೆ ಇಂಜೆಕ್ಷನ್ ಕೊಟ್ಟರು. ಮೂಗಿನ ಹೊಳ್ಳೆಯಿಂದ ತೆಳ್ಳನೆ ಪೈಪು ಇಳಿಸಿ, ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಹೊಟ್ಟೆಗೆ ಬಿಟ್ಟರು. ಮೇಷ್ಟ್ರು ಕಣ್ಣು ಅರೆಮುಚ್ಚಿ ನಿಂತಿದ್ದರು. ಎಷ್ಟೋ ಮಕ್ಕಳ ತರಲೆ ಸಹಿಸಿದವರಿಗೆ ಇದೇನು ಮಹಾ ಎಂಬಂತೆ.

ಆಮೇಲೆ ಅಮ್ಮ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟಳು. ಚಿಟಿಕೆ ಲೀಟರ್ ಜಗ್ಗಿನಿಂದ ಅಳೆದು ಎರಡು ಬಕೆಟ್‌ಗೂ ಒಂದೇ ಸಮ ನೀರು ಹಾಕಿದಳು. ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಉಗುರುಬೆಚ್ಚಗಿನದು. ಎರಡನ್ನೂ ಕೋಣೆಯ ಒಳಗೆ, ಹನಿ ಬೀಳದ ಕಡೆ ಸ್ಟೂಲಿನ ಮೇಲಿಟ್ಟಳು.

ಪೈಪು ತೆಗೆದು ಬಹಳ ಹೊತ್ತಾದ ಮೇಲೆ ಮೇಷ್ಟ್ರು ತಣ್ಣೀರಿನ ಬಕೆಟ್ ಮೂಸಿದರು. ತುಟಿ ಸೋಕಿಸಿದರು. ಮೇಲಿನ ತುಟಿ ಸುಕ್ಕಾಯಿತು, ತಲೆ ಮೇಲೆ ಹೋಯಿತು. ಇನ್ನೊಂದು ಬಕೆಟ್ ಕಡೆ ನೋಡಲೂ ಇಲ್ಲ.

“ಸೂಪರ್,” ಎಂದ ಅಣ್ಣ. “ಎರಡರಲ್ಲೂ ಫೇಲ್.”

“ಸುಮ್ನಿರೋ.”

ಚಿಟಿಕೆ ಎರಡನೇ ಬಕೆಟ್‌ಗೆ ಕೈ ಅದ್ದಿ, ಒದ್ದೆ ಬೆರಳನ್ನು ಮೇಷ್ಟ್ರ ತುಟಿಗೆ ಸವರಿದಳು. ಅವರು ನೆಕ್ಕಿದರು. ಮತ್ತೆ ಸವರಿದಳು. ಬೆರಳ ಹಿಂದೆಯೇ ಮೂತಿ ಕೆಳಗಿಳಿಯಿತು, ನೀರು ಮುಟ್ಟಿತು, ಅಲ್ಲೇ ನಿಂತಿತು. ಮೇಷ್ಟ್ರ ಕಿವಿಗಳು ಒಮ್ಮೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದವು. ಮತ್ತೊಮ್ಮೆ. ಪ್ರತಿ ಗುಟುಕಿಗೂ ಕಿವಿ ಅಲುಗುತ್ತಿತ್ತು. ಗಂಟಲ ಕೆಳಗೆ ಒಂದೊಂದೇ ಉಬ್ಬು ಜಾರಿ ಹೋಗುತ್ತಿತ್ತು. ಕುದುರೆ ನೀರು ಕುಡಿಯುವಾಗ ಹೀಗೆಲ್ಲ ಆಗುತ್ತದೆ ಎಂದು ಚಿಟಿಕೆಗೆ ತಿಳಿದಿರಲಿಲ್ಲ.

ಮೇಷ್ಟ್ರಿಗೆ ಒಣ ಕಂಬಳಿ ಹೊದಿಸಿ, ಲಾಯದ ಉದ್ದಕ್ಕೂ ಮಾಡಿನ ಕೆಳಗೆ ನಡೆಸಿದರು. ಹೋಗಿ ಬರುವುದು, ಮತ್ತೆ ಹೋಗಿ ಬರುವುದು. ಅಣ್ಣನೂ ಒಳಗೆ ಬಂದು ಹಗ್ಗ ಹಿಡಿದ. ಬೂಟಿಗೆ ಕೆಸರು ಮೆತ್ತಿಕೊಂಡಿದ್ದನ್ನು ಅವನು ನೋಡಿಕೊಳ್ಳಲಿಲ್ಲ. ದೊಡ್ಡಪ್ಪ ಚಹಾ ಲೋಟ ಹಿಡಿದು ಕುಡಿಯುವುದನ್ನೇ ಮರೆತಿದ್ದ. ಎಲ್ಲರ ಕಣ್ಣೂ ಒಂದೇ ಕಡೆ, ಮೇಷ್ಟ್ರ ಬಾಲದ ಮೇಲೆ.

ಊಟದ ಹೊತ್ತು ಮೀರಿತು. ಡಾಕ್ಟರಮ್ಮ ಎರಡು ಸಲ ಗಡಿಯಾರ ನೋಡಿದರು. ದೊಡ್ಡಪ್ಪ ಮತ್ತೆ ಫೋನು ಕೈಗೆತ್ತಿಕೊಂಡ.

ಆಗ ಮೇಷ್ಟ್ರು ನಡೆಯುತ್ತಿದ್ದವರು ನಿಂತರು. ಬಾಲ ಸ್ವಲ್ಪವೇ ಎದ್ದಿತು.

“ಯಾರೂ ಅಲ್ಲಾಡ್ಬೇಡಿ,” ಎಂದು ಅಣ್ಣ ಪಿಸುಗುಟ್ಟಿದ.

ಮೊದಲು ಗಟ್ಟಿಯಾದ ಮೂರು ಉಂಡೆ ಬಿದ್ದವು. ತಡೆದು ತಡೆದು ಇನ್ನಷ್ಟು.

“ರಿಸಲ್ಟ್ ಬಂತು!” ಅಣ್ಣ ಲಾಯವೇ ಅದುರುವಂತೆ ಕೂಗಿದ. “ಮೇಷ್ಟ್ರು ಪಾಸ್!”

ಡಾಕ್ಟರಮ್ಮ ಬೂಟಿನ ತುದಿಯಿಂದ ಉಂಡೆ ಒಡೆದು ನೋಡಿ, ಮತ್ತೆ ಹೊಟ್ಟೆಗೆ ಕಿವಿಗೊಟ್ಟರು. “ಗುಡುಗುಡು ಶುರುವಾಗಿದೆ. ಸದ್ಯಕ್ಕೆ ಲಾರಿ ಬೇಡ. ಎರಡು ದಿನ ಒಣಹುಲ್ಲು ಪೂರ್ತಿ ಬಂದ್. ತೌಡನ್ನ ಬೆಚ್ಚಗಿನ ನೀರಲ್ಲಿ ಗಂಜಿ ಥರ ನೆನೆಸಿ, ಸ್ವಲ್ಪ ಸ್ವಲ್ಪ ಕೊಡಿ. ಹಲ್ಲು ನೋಡೋಕೆ ಬುಧವಾರ ಬರ್ತೀನಿ. ನೀರು ಕುಡಿಯೋದು ನಿಂತ್ರೆ ತಕ್ಷಣ ಫೋನ್ ಮಾಡ್ಬೇಕು.” ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು. “ನೀರಿನ ಲೆಕ್ಕ ಯಾರು ಹೇಳ್ತೀರ ನನಗೆ?”

ದೊಡ್ಡಪ್ಪ ಚಿಟಿಕೆಯ ಕಡೆ ಗದ್ದ ತೋರಿಸಿದ. “ಇನ್ಯಾರು? ನಮ್ಮ ಇಂಜಿನಿಯರೇ.”

ಚಿಟಿಕೆ ನೆಲ ನೋಡುತ್ತ ತಲೆಯಾಡಿಸಿದಳು.

ಸಂಜೆ ಅವಳು ಬೆಚ್ಚಗಿನ ನೀರನ್ನು ಜಗ್ಗಿನಲ್ಲಿ ಎಣಿಸುತ್ತ ಹಾಕಿದಳು. ಇಪ್ಪತ್ತು ಲೀಟರ್. ರಾತ್ರಿ ತಣ್ಣಗಾಗದಿರಲೆಂದು ಅಮ್ಮ ಬಕೆಟ್ ಸುತ್ತ ಹಳೆಯ ಸ್ವೆಟರ್ ಸುತ್ತಿದಳು. ಮಲಗುವ ಮೊದಲು ದೊಡ್ಡಪ್ಪ ಬಂದು ನೋಡಿ ಹೋದ. ಮಳೆ ನಿಂತಿರಲಿಲ್ಲ.

ಸೋಮವಾರ ಬೆಳಿಗ್ಗೆ ಶಾಲೆಯ ಬ್ಯಾಗನ್ನು ಗೂಟಕ್ಕೆ ಸಿಕ್ಕಿಸಿ ಚಿಟಿಕೆ ಮೇಷ್ಟ್ರ ಕೋಣೆಗೆ ಹೋದಳು. ಹುಲ್ಲಿನ ಮೇಲೆ ಹೊಸ ಲದ್ದಿ ಬಿದ್ದಿತ್ತು. ಹಬೆ ಇನ್ನೂ ಆಡುತ್ತಿತ್ತು.

“ನೀರು ತುಂಬಿದ್ಯೇನೇ?” ಅಂಗಳದಿಂದ ದೊಡ್ಡಪ್ಪ ಕೂಗಿದ. ಬಾಯಿಗೆ ರೂಢಿಯಾಗಿತ್ತು.

ಚಿಟಿಕೆ ಬಕೆಟ್ ಕೆಳಗಿಳಿಸಿ, ಉಳಿದ ನೀರನ್ನು ಜಗ್ಗಿನಿಂದ ಅಳೆಯುತ್ತ ಚರಂಡಿಗೆ ಸುರಿದಳು. ಕೊನೆಯ ಜಗ್ಗು ಅರ್ಧಕ್ಕೆ ನಿಂತಿತು. ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡಿದಳು, ಮನಸ್ಸಿನಲ್ಲೇ ಇಪ್ಪತ್ತರಿಂದ ಕಳೆದಳು. ಆಮೇಲೆ ಬಾಗಿಲಿಗೆ ಬಂದು ಕೂಗಿ ಹೇಳಿದಳು.

“ಕುಡಿದಿದ್ದು ಹದಿಮೂರೂವರೆ ಲೀಟರ್.”