ಮೇಣಕ್ಕೆ ಕೊಟ್ಟ ಮುಖ

"ಅವಳನ್ನು ಮತ್ತೆ ಮಾಡುವುದು ಬೇಡ ಮೋನೇ. ಎರಡು ಪಾದ ಉಳಿದಿವೆಯಲ್ಲ, ದೀಪ ಹಚ್ಚಲು ನಮಗೆ ಅಷ್ಟು ಸಾಕು."

ಮನೆಯ ಹಿರಿಯಾಕೆ ದಾಕ್ಷಾಯಣಿಯಮ್ಮ ಮಲಯಾಳದಲ್ಲಿ, ಮಗನೇ ಎಂದು ಕರೆದು, ಮೆಲ್ಲಗೆ ಹೇಳಿದರು, ಒಳಗೆ ಯಾರೋ ಮಲಗಿದ್ದಾರೆಂಬಂತೆ. ದಿನಕರ ನಕ್ಕುಬಿಟ್ಟ.

ತ್ರಿಪ್ಪುಣಿತ್ತುರದ ಆ ಹಳೆಯ ಮನೆಯ ದೇವರ ಕೋಣೆಗೆ ಹಗಲಲ್ಲೂ ಬೆಳಕು ಬರುತ್ತಿರಲಿಲ್ಲ. ಸುಟ್ಟ ಬತ್ತಿ, ಎಳ್ಳೆಣ್ಣೆ, ಬಾವಲಿಗಳ ವಾಸನೆ. ಕಲ್ಲಿನ ಪೀಠದ ಮೇಲೆ ಭಗವತಿಯ ಕಂಚಿನ ಎರಡು ಪಾದಗಳು ಮಾತ್ರ ನಿಂತಿದ್ದವು. ಕಾಲ್ಗಡಗದಿಂದ ಮೇಲೆ ಲೋಹ ಹರಿದುಹೋಗಿ ಅಂಚು ಹಲ್ಲುಹಲ್ಲಾಗಿತ್ತು. ಅದರ ಮೇಲೆ ಏನೂ ಇಲ್ಲ. ಆದರೂ ಮುದುಕಿ ಆರತಿ ಎತ್ತಿದಾಗ ಬೆಳಕು ಪಾದದ ಬಳಿ ನಿಲ್ಲಲಿಲ್ಲ. ಸೊಂಟ, ಎದೆ, ಕೊರಳು ಇರಬೇಕಾದ ಕಡೆಗಳನ್ನು ಸುತ್ತಿಕೊಂಡು ಮೇಲೇರಿ, ಮುಖವಿರಬೇಕಾದಲ್ಲಿ ಬಹಳ ಹೊತ್ತು ತಡೆಯಿತು. ಆ ಬರಿಯ ಗಾಳಿಯನ್ನು ನೋಡುತ್ತ ದಿನಕರನ ಮೈ ಜುಮ್ಮೆಂದಿತು. ಅದು ಭಯವಲ್ಲ, ಆಸೆ.

ಕಾಸರಗೋಡಿನ ಕಡೆಯ ದಿನಕರ ರಸಾಯನಶಾಸ್ತ್ರ ಓದಿದವನು. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಬೆಳೆ ಸಂಶೋಧನೆಯ ಸಂಸ್ಥೆಯೊಂದರಲ್ಲಿ ಮರಗೆಣಸಿನ ಹಿಟ್ಟನ್ನು ಪರೀಕ್ಷಿಸುವುದು ಅವನ ಉದ್ಯೋಗ. ಉಳಿದ ಹೊತ್ತೆಲ್ಲ ಶಿಲ್ಪಕ್ಕೆ. ಯುದ್ಧಗಳು ಕದ್ದ, ಸುಟ್ಟ, ಒಡೆದ ಕಲಾಕೃತಿಗಳನ್ನು ನೆನೆದು ಅವನೊಂದು ಮಾಲೆಯನ್ನೇ ಮಾಡುತ್ತಿದ್ದ. ಕೊಚ್ಚಿಯ ಯಾವುದೋ ಹಳೆಯ ಮುತ್ತಿಗೆಯಲ್ಲಿ ಉರಿದುಹೋಯಿತೆಂದು ಹೇಳುವ ಮರದ ದೇವದೂತ ಅವನ ಕೈಯಲ್ಲಿ ಸುಟ್ಟ ಮಣ್ಣಾಗಿ ಬಂದಿದ್ದ. ಮುಳುಗಿದ ಹಡಗೊಂದರ ಮೂತಿಯ ಮೇಲಿದ್ದ ಹೆಣ್ಣು ಕಲ್ಲಾಗಿ ಬಂದಿದ್ದಳು. ಕೊನೆಯದಾಗಿ, ಕಂಚಿನಲ್ಲಿ, ಈ ಭಗವತಿ. ಸಾವಿರದ ಒಂಬೈನೂರ ಅರವತ್ತೊಂಬತ್ತರ ಮಳೆಗಾಲ ಮುಗಿದೊಡನೆ ತಿರುವನಂತಪುರದಲ್ಲಿ ಪ್ರದರ್ಶನ ನಡೆಯಬೇಕಿತ್ತು. ಈ ಮನೆಗೆ ಅವನನ್ನು ಕರೆತಂದವನು ಎರ್ನಾಕುಳದ ಬ್ಯಾಂಕಿನಲ್ಲಿದ್ದ ಗೆಳೆಯ ಕಮಲಾಕ್ಷ.

"ಯಾಕೆ ಬೇಡ ಅಮ್ಮಾ?" ಎಂದ ದಿನಕರ.

ದಾಕ್ಷಾಯಣಿಯಮ್ಮ ಹೇಳಿದ್ದಿಷ್ಟು. ಎರಡನೇ ಮಹಾಯುದ್ಧದ ಕಾಲದಲ್ಲಿ ತಾಮ್ರಕ್ಕೂ ಕಂಚಿಗೂ ಬರ. ಮನೆಯವರೆಲ್ಲ ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಪೀಠದ ಮೇಲೆ ಪಾದಗಳಷ್ಟೇ ಉಳಿದಿದ್ದವು. ಬಂದರಿನ ಹತ್ತಿರದ ಯಾವುದೋ ಮೂಸೆಯಲ್ಲಿ ಅವಳು ಕರಗಿಹೋದಳೆಂದು ಆಮೇಲೆ ತಿಳಿಯಿತು. ಗುಂಡಾದಳೋ, ಹಡಗಿನ ತಿರುಪಾದಳೋ, ಯಾರಿಗೆ ಗೊತ್ತು? ಅವರ ಅತ್ತೆ ಮಂತ್ರವಾದಿಯನ್ನು ಕರೆಸಿದಳು. ಪಾದಗಳ ನಡುವೆ ಕಬ್ಬಿಣದ ಮೊಳೆ ಹೊಡೆಸಿದಳು. ಇವಳನ್ನು ಕರಗಿಸಿದವನು ಯಾರೇ ಆಗಲಿ, ಅವನ ಪ್ರೀತಿಯ ಜೀವ ಅವನ ಕಣ್ಣೆದುರೇ ಹೀಗೆ ಕರಗಲಿ ಎಂದು ಶಪಿಸಿದಳು.

"ಕಳ್ಳ ಸಿಕ್ಕಿದನೆ?"

"ಅವನು ನಮ್ಮ ಪಕ್ಕದ ಎಲೆಗೇ ಕೂತು ಉಣ್ಣುತ್ತಿದ್ದ. ಅತ್ತೆಯ ಒಬ್ಬನೇ ಮಗ. ನನ್ನ ಗಂಡ." ಮುದುಕಿ ಬತ್ತಿಯನ್ನು ಸರಿಮಾಡಿದರು. "ಕರಗಿದ್ದು ನನ್ನ ಮಗು. ಆಮೇಲೆ ಅತ್ತೆ ಉಗುರು ಕಿತ್ತು ಬರುವಷ್ಟು ಆ ಮೊಳೆಯನ್ನು ಎಳೆದಳು. ಬರಲಿಲ್ಲ."

ಆ ಕಾಲದಲ್ಲಿ ಮಕ್ಕಳು ಸಾಯುವುದಕ್ಕೆ ಶಾಪ ಬೇಕಿರಲಿಲ್ಲ, ಕೊಳದ ನೀರು ಸಾಕಿತ್ತು ಎಂದು ದಿನಕರನ ಬಾಯಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಬೇರೆ ಮಾತಾಡಿದ. "ನಮ್ಮ ವಿಜ್ಞಾನದಲ್ಲಿ ಒಂದು ನಿಯಮ ಉಂಟು ಅಮ್ಮಾ. ದ್ರವ್ಯ ಎಲ್ಲಿಗೂ ಹೋಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೆ. ಆ ಲೆಕ್ಕದಲ್ಲಿ ನಿಮ್ಮ ಭಗವತಿ ಈಗಲೂ ಎಲ್ಲೋ ಇದ್ದಾಳೆ."

"ಅದೇ ಮೋನೇ, ನನ್ನ ಭಯ."

"ಹೇಗೂ ನಾನು ಕರಗಿಸುವವನಲ್ಲ. ಮಾಡುವವನು."

ಅವರು ಆರತಿತಟ್ಟೆ ಹಿಡಿದು ಹೊರಗೆ ಹೋದರು. ಅದನ್ನೇ ದಿನಕರ ಒಪ್ಪಿಗೆಯೆಂದು ತೆಗೆದುಕೊಂಡ. ಚೀಲದಿಂದ ಜೇನುಮೇಣ ತೆಗೆದು, ದೀಪದ ಮೇಲೆ ಮೆತ್ತಗೆ ಮಾಡಿ, ಆ ಪಾದಗಳ ಮೇಲೆ ಒತ್ತಿ ಅಚ್ಚು ತೆಗೆದ. ಕಂಚು ತಣ್ಣಗಿರಬೇಕಿತ್ತು. ಹಾಗಿರಲಿಲ್ಲ. ಆರತಿಯ ಕಾವು ಎಂದುಕೊಂಡ.

ಬಸ್ಸಿಗೆ ಕಾಯುವಾಗ ಕಮಲಾಕ್ಷ ಕೇಳಿದ, "ಎಂತ ಮಾರಾಯ, ಮುಖ ಬಿಳಿ ಆಗಿದೆ? ಭಗವತಿ ಹಿಡಿದಳಾ?"

"ಹಿಡಿಯಲಿಕ್ಕೆ ಅವಳಿಗೆ ಕೈ ಎಲ್ಲುಂಟು?" ಎಂದ ದಿನಕರ. ಇಬ್ಬರೂ ನಕ್ಕರು.

*

ಮೇಣದ ಮೂರ್ತಿ ಶ್ರೀಕಾರ್ಯಂನ ಬಾಡಿಗೆ ಮನೆಯ ಹಿಂಜಗಲಿಯಲ್ಲಿ ಎದ್ದು ನಿಂತಿತು. ಮೊಳದುದ್ದದ ಮೈ. ತ್ರಿಪ್ಪುಣಿತ್ತುರದಿಂದ ತಂದ ಅಚ್ಚಿನದೇ ಪಾದ. ಎಲ್ಲ ಸರಿಯಾಯಿತು, ಮುಖ ಮಾತ್ರ ಕೂಡಲಿಲ್ಲ. ಶಿಲ್ಪಶಾಸ್ತ್ರದ ಅಳತೆಯಲ್ಲಿ ಮಾಡಿದ ಮುಖಗಳೆಲ್ಲ ಅವನಿಗೆ ಸತ್ತಂತೆ ಕಂಡವು. ಮಾಡುವುದು, ಅಳಿಸುವುದು, ಹೀಗೇ ನಡೆದಿತ್ತು.

ಹೆಂಡತಿ ವಾರಿಜಾಗೆ ಒಂದು ಅಭ್ಯಾಸ. ಹೊರಗೆ ಹೊರಡುವಾಗ ಕನ್ನಡಿ ನೋಡುತ್ತಿರಲಿಲ್ಲ. ಗಂಡನ ಮುಂದೆ ಬಂದು ನಿಂತು, "ಬೊಟ್ಟು ನಡುವಿಗೆ ಉಂಟಾ?" ಎಂದು ಕೇಳುತ್ತಿದ್ದಳು. ಶಿಲ್ಪಿಯ ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ಕಾಣುತ್ತಿತ್ತು. "ಎಡಕ್ಕೆ ಚೂರು," ಎನ್ನುತ್ತಿದ್ದ. ಅವಳು ಸರಿಮಾಡಿಕೊಂಡು ನಗುತ್ತಿದ್ದಳು. ಆ ನಗುವಿನಲ್ಲಿ ಬಲಗೆನ್ನೆ ಎಡಗೆನ್ನೆಗಿಂತ ಒಂದು ಗಳಿಗೆ ಮೊದಲೇ ಏಳುತ್ತಿತ್ತು. ಅವತ್ತು ಹಾಗೆ ಅವಳು ಮುಂದೆ ಬಂದು ನಿಂತಾಗ ಅವನಿಗೆ ಹೊಳೆಯಿತು.

"ವಾರಿಜಾ, ಇಲ್ಲಿ ಕೂತ್ಕೋ. ಅಲ್ಲಾಡಬೇಡ."

"ದೇವರಿಗೆ ನನ್ನ ಮೂಗಾ? ಪಾಪ ದೇವರು!" ಎಂದು ಅವಳು ನಕ್ಕಳು. "ಮಂಗಳೂರಿನ ಅತ್ತಿಗೆಯ ಮೂಗು ಕೊಡಿ, ಅದು ಉದ್ದ ಉಂಟು."

ಆದರೂ ಕೂತಳು. ಪುಟ್ಟ ಮಗಳು ರತ್ನ ಸುತ್ತ ಕುಣಿಯುತ್ತ ಮಲಯಾಳದಲ್ಲಿ ಅಮ್ಮನನ್ನು ಛೇಡಿಸುತ್ತಿದ್ದಳು. ದಿನಕರ ಕೈವಾರದಲ್ಲಿ ಹೆಂಡತಿಯ ಮೂಗು, ತುಟಿ, ರೆಪ್ಪೆಗಳ ಅಂತರವನ್ನು ಅಳೆದು ಮೇಣಕ್ಕೆ ಇಳಿಸಿದ. ಆ ಕೆನ್ನೆಯ ಏರನ್ನೂ ಇಳಿಸಿದ. ಕೊನೆಗೆ ಹಣೆಯ ಮೇಲೊಂದು ಬೊಟ್ಟು. ಅವನು ಜೀವನದಲ್ಲಿ ಮಾಡಿದ ಮುಖಗಳಲ್ಲೆಲ್ಲ ಅದೇ ಚೆಲುವಾದದ್ದು. ಅಷ್ಟು ಪ್ರೀತಿಯಿಂದ ಅವನು ಬೇರೆ ಯಾವುದನ್ನೂ ಮಾಡಿರಲಿಲ್ಲ.

ಮಾರ್ಚಿ ತಿಂಗಳ ಒಂದು ಭಾನುವಾರ, ನಡುಮಧ್ಯಾಹ್ನ, ಎರಕ. ಮೇಣದ ಮೂರ್ತಿಗೆ ಪದರಪದರವಾಗಿ ಮಣ್ಣು ಮೆತ್ತಿ ಒಣಗಿಸಿದ್ದ. ಇನ್ನು ಅದನ್ನು ತಲೆಕೆಳಗಾಗಿ ಬೆಂಕಿಯ ಮೇಲಿಡಬೇಕು. ಒಳಗಿನ ಮೇಣ ಕರಗಿ ಹರಿದುಹೋಗಬೇಕು. ಅದು ಬಿಟ್ಟ ಖಾಲಿ ಜಾಗಕ್ಕೆ ಕಾದ ಕಂಚು ಹೊಯ್ಯಬೇಕು. ಎರಕ ಎಂದರೆ ಅದೇ.

ಹಿತ್ತಲಲ್ಲಿ ಗಾಳಿಯಿರಲಿಲ್ಲ. ಇದ್ದಿಲಿನ ಹೊಗೆ, ರಾಳದ ಘಾಟು. ವಾರಿಜಾ ಮಜ್ಜಿಗೆ ತಂದು ಅವನ ಪಕ್ಕದಲ್ಲಿ ನಿಂತಳು. ಅಚ್ಚಿನ ಬಾಯಿಂದ ಮೊದಲ ಹನಿ ಜಿನುಗಿತು. ಹಳದಿ ಹನಿ. ಕೆಳಗಿನ ನೀರಿನ ಬೋಗುಣಿಗೆ ಚುಂಯ್ ಎಂದು ಬಿತ್ತು. ಆಮೇಲೆ ಎಳೆಯಾಗಿ ಸುರಿಯತೊಡಗಿತು.

ವಾರಿಜಾ ಕೆನ್ನೆಗೆ ಕೈಯಿಟ್ಟುಕೊಂಡಳು. "ಎಂತದೋ ಹರಿದ ಹಾಗೆ ಆಯ್ತು," ಎಂದಳು.

"ಬೆವರು."

"ಅಲ್ಲ ಮಾರಾಯ್ರೆ. ಒಳಗಿನಿಂದ."

ಆಗ ದಿನಕರನಿಗೆ ತ್ರಿಪ್ಪುಣಿತ್ತುರದ ಮಾತು ನೆನಪಾಯಿತು. ಇವಳನ್ನು ಕರಗಿಸಿದವನು ಯಾರೇ ಆಗಲಿ. ಪಾದ ಭಗವತಿಯದೇ. ಮುಖ ವಾರಿಜಾಳದು. ಬೆಂಕಿ ಹಚ್ಚಿದ ಕೈ ತನ್ನದು. ಅವನು ತಲೆ ಕೊಡವಿದ. ಎರಡು ಸಂಗತಿಗಳು ಒಟ್ಟಿಗೆ ನಡೆದರೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ ಎಂದು ಕಿರಿಯ ಸಹೋದ್ಯೋಗಿಗಳಿಗೆ ಅವನೇ ಎಷ್ಟು ಸಲ ಹೇಳಿರಲಿಲ್ಲ? ಕಂಚು ಹೊಯ್ದ.

*

ಮೂರ್ತಿ ಒಂದು ಗುಳ್ಳೆಯೂ ಇಲ್ಲದೆ ಬಂತು. ವಾರಿಜಾ ಅಂದಿನಿಂದ ಇಳಿಯತೊಡಗಿದಳು.

ಮೊದಲು ಸೆಕೆ ಎಂದಳು. ಮಳೆ ಹಿಡಿದ ಮೇಲೂ ಸೆಕೆ ಎಂದಳು, ಜ್ವರ ಬಿಡಲೇ ಇಲ್ಲ. ಉಂಡದ್ದು ಮೈಗೆ ಹತ್ತಲಿಲ್ಲ. ಚರ್ಮ ಹಳದಿಗೆ ತಿರುಗಿ, ಬೆಳಕಿಗೆ ಅಡ್ಡ ನಿಂತರೆ ಕಿವಿಯ ಹಾಲೆಗಳು ದೀಪದಂತೆ ಕಾಣುತ್ತಿದ್ದವು. ಅವಳ ದಿಂಬಿನಿಂದ ವಾಸನೆ ಬರುತ್ತಿತ್ತು. ಮೇಣದ್ದು, ರಾಳದ್ದು. ಉಳ್ಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದರು. ವೈದ್ಯರು ರಕ್ತ ನೋಡಿದರು, ಎದೆಯ ಚಿತ್ರ ತೆಗೆದರು, ಮತ್ತೆ ರಕ್ತ ನೋಡಿದರು. ಮುಚ್ಚುಮರೆಯಿಲ್ಲದೆ ಹೇಳಿದರು, ಕಾಯಿಲೆ ಯಾವುದೆಂದು ತಿಳಿಯುತ್ತಿಲ್ಲ, ಆದರೆ ಹೀಗೇ ಹೋದರೆ ಹೆಚ್ಚು ದಿನ ಇಲ್ಲ.

ಒಂದು ಮುಂಜಾನೆ ಅವಳು ನಿದ್ದೆಯಲ್ಲಿದ್ದಾಗ ದಿನಕರ ಕಿಸೆಯಿಂದ ಕೈವಾರ ತೆಗೆದ. ಅಂದು ಮೇಣಕ್ಕೆ ಇಳಿಸುವಾಗ ಬರೆದಿಟ್ಟ ಅವಳ ಮೂಗಿನ ಅಳತೆಗೆ ಅದನ್ನು ಮನೆಯಲ್ಲೇ ಬಿಗಿ ಮಾಡಿ ತಂದಿದ್ದ. ಹೆಂಡತಿಯ ಮೂಗಿಗೆ ಹಿಡಿದ. ಒಂದು ತುದಿ ಹುಬ್ಬುಗಳ ನಡುವೆ ಸರಿಯಾಗಿ ಕೂತಿತು. ಇನ್ನೊಂದು ತುದಿ ಗಾಳಿಯಲ್ಲಿ ನಿಂತಿತು. ಅವನು ಮತ್ತೆ ಹಿಡಿದ. ಮತ್ತೆ ಗಾಳಿ. ಮೂಗು ಅಷ್ಟು ಕರಗಿತ್ತು.

ಪ್ರಯೋಗಾಲಯದಲ್ಲಾಗಿದ್ದರೆ ಇಂಥ ಅಳತೆಯನ್ನು ಅವನು ಪ್ರಮಾಣವೆಂದು ಒಪ್ಪುತ್ತಿದ್ದ. ಇಲ್ಲಿಯೂ ಒಪ್ಪಿದ. ರತ್ನಳನ್ನು ಅಮ್ಮನ ಹಾಸಿಗೆಯ ಬಳಿ ನೆರೆಮನೆಯ ಸುಮಿತ್ರಳ ಜೊತೆ ಕೂರಿಸಿ ರೈಲು ಹತ್ತಿದ.

ದಾಕ್ಷಾಯಣಿಯಮ್ಮ ಅವನನ್ನು ಬೈಯಲಿಲ್ಲ. ಜಗಲಿಯಲ್ಲಿ ಕೂರಿಸಿ ಗಂಜಿ ಕೊಟ್ಟರು.

"ಮೇಣದಲ್ಲಿ ಮಾಡಿದೆಯಾ?"

"ಹೂಂ."

"ಯಾರ ಮುಖ?"

ಅವನು ಹೇಳಿದ. ಅವರು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಮಳೆಯನ್ನು ನೋಡುತ್ತ ಹೇಳಿದರು, "ಆ ಮುಖದ ದಾರಿಯಲ್ಲೇ ಶಾಪ ನಿನ್ನ ಮನೆಗೆ ಬಂದಿದೆ. ಕೊಟ್ಟ ಮುಖವನ್ನು ನೀನೇ ತೆಗೆ. ಬೆಂಕಿ ತಾಗಿಸಬೇಡ, ಇನ್ನೊಂದು ಸಲ ಕರಗಿಸಿದರೆ ಮುಗಿಯಿತು. ತಣ್ಣಗೆ, ಅರದಿಂದ, ಕೈಯಾರೆ. ಆದರೆ ತೆಗೆದ ಮೇಲೆ ಆ ಮುಖ ನಿನಗಿಲ್ಲ."

"ಮೂರ್ತಿ ಹಾಳಾದರೆ ಆಗಲಿ ಅಮ್ಮಾ. ನನಗೆ ಪ್ರದರ್ಶನ ಬೇಡ."

ಮುದುಕಿ ಅವನನ್ನು ಕನಿಕರದಿಂದ ನೋಡಿದರು.

"ನಿಮ್ಮ ಮಗುವಿಗೆ ಹೀಗೆ ಯಾಕೆ ಮಾಡಲಿಲ್ಲ?" ಎಂದು ಅವನೇ ಕೇಳಿದ.

"ತೆಗೆಯಲು ನಮಗೆ ಮುಖವೇ ಉಳಿದಿರಲಿಲ್ಲವಲ್ಲ ಮೋನೇ."

*

ಮರುದಿನ ಬೆಳಗ್ಗೆ ಹಿಂಜಗಲಿ. ಮೋಡ ಕವಿದು ಹಗಲು ಮಸಿಯಾಗಿತ್ತು. ಅವನು ಮೂರ್ತಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಕಂಚು ಬೆಚ್ಚಗಿತ್ತು. ಜ್ವರದ ಬೆಚ್ಚು. ಕಂಚಿನ ವಾರಿಜಾ ಕೆಳಗಿನಿಂದ ಅವನನ್ನು ನೋಡಿ ನಗುತ್ತಿದ್ದಳು. ಬಲಗೆನ್ನೆ ಒಂದು ಗಳಿಗೆ ಮೊದಲು ಎದ್ದಿತ್ತು.

ಅರ ಇಟ್ಟ. ಎಳೆದ.

ಲೋಹ ಕಿರುಗುಟ್ಟಿತು. ಹೊನ್ನಬಣ್ಣದ ಪುಡಿ ಅವನ ಪಂಚೆಯ ಮೇಲೆ ಉದುರಿತು. ಮೂಗಿನ ತುದಿ ಹೋಯಿತು. ಮೂಗು ಹೋಯಿತು. ಮಳೆ ಜೋರಾಯಿತು. ತುಟಿ. ಮೇಲಿನದು, ಕೆಳಗಿನದು. ಅರದ ಸದ್ದಿನ ಒಳಗೆ ಇನ್ನೊಂದು ಸದ್ದು. ಅಳುವೆ? ನಿಲ್ಲಿಸಿದ. ಮಳೆ ಮಾತ್ರ. ಮತ್ತೆ ಎಳೆದ. ಆ ಕೆನ್ನೆ. ಅದೊಂದನ್ನು ಉಳಿಸಲೆ? ಉಳಿಸಬಾರದು. ಎಳೆದ. ಬೆರಳು ಸೀಳಿತು. ರಕ್ತಕ್ಕೆ ಪುಡಿ ಅಂಟಿತು. ಕಣ್ಣುಗಳು ಉಳಿದಿದ್ದವು. ನೋಡುತ್ತಿದ್ದವು. ಅವನು ತನ್ನ ಕಣ್ಣು ಮುಚ್ಚಿಕೊಂಡ. ಎಳೆದ. ಎಳೆದ. ಕೊನೆಗೆ ಬೊಟ್ಟು. ಹೆಬ್ಬೆರಳಿಂದ ಸವರಿದ. ನುಣುಪು. ಏನೂ ಇಲ್ಲ.

ಕಂಚು ಅವನ ತೊಡೆಯ ಮೇಲೆ ಮೆಲ್ಲಮೆಲ್ಲನೆ ತಣ್ಣಗಾಯಿತು.

ಅವನು ಎದ್ದೂ ಬಿದ್ದೂ ಬಸ್ಸು ಹಿಡಿದ. ಉಳ್ಳೂರಿನಲ್ಲಿ ಇಳಿದು ಮಳೆಯಲ್ಲೇ ಓಡಿದ. ಆಸ್ಪತ್ರೆಯ ಮೆಟ್ಟಿಲು. ಡೆಟಾಲಿನ ವಾಸನೆ. ಉದ್ದದ ವಾರ್ಡು. ಕೊನೆಯ ಹಾಸಿಗೆಯ ಕಡೆಯಿಂದ ಧ್ವನಿ ಬಂತು.

"ಬಂದ್ರಾ? ಎಂತ ಇದು, ಹೀಗೆ ಒದ್ದೆಯಾಗುವುದಾ? ನನಗೆ ಹಸಿವೆ ಆಗ್ತಾ ಉಂಟು."

ಅವಳದೇ ಧ್ವನಿ. ಅವಳು ಎದ್ದು ಕೂತಿದ್ದಳು. ರತ್ನ ಅಮ್ಮನ ಕೊರಳು ತಬ್ಬಿ, ಅಮ್ಮನ ಕೆನ್ನೆಗೆ ಕೆನ್ನೆ ಒತ್ತಿ ನಗುತ್ತಿದ್ದಳು. "ಜ್ವರ ಬಿಟ್ಟಿತು, ಹೇಗೆಂದು ವೈದ್ಯರಿಗೂ ಗೊತ್ತಿಲ್ಲ," ಎಂದು ಸುಮಿತ್ರ ಕಣ್ಣೊರೆಸಿಕೊಂಡಳು. "ಮುಖ ನೋಡಿ, ಹೇಗೆ ಕಳೆ ಬಂದಿದೆ!"

ದಿನಕರ ನೋಡಿದ.

ಕೂದಲು ಇತ್ತು. ಕಿವಿಯಲ್ಲಿ ಓಲೆ ಇತ್ತು. ಕೊರಳಲ್ಲಿ ಕರಿಮಣಿ ಇತ್ತು. ನಡುವೆ, ಆಗಷ್ಟೇ ಅರ ಉಜ್ಜಿದ ಕಂಚಿನ ಹಾಗೆ, ಒಂದು ನುಣುಪು ಇತ್ತು. ಅದು ಅವನ ಕಡೆಗೆ ತಿರುಗಿತ್ತು.

*

ಮೂರ್ತಿಯನ್ನು ಅವನು ತ್ರಿಪ್ಪುಣಿತ್ತುರಕ್ಕೆ ಒಯ್ದು ಆ ಪಾದಗಳ ಪಕ್ಕದಲ್ಲಿ ನಿಲ್ಲಿಸಿ ಬಂದ. ಪ್ರದರ್ಶನ ನಡೆಯಲಿಲ್ಲ. ಆಮೇಲೆ ಅವನು ಮುಖ ಮಾಡಲಿಲ್ಲ. ಕ್ರಮೇಣ ಏನನ್ನೂ ಮಾಡಲಿಲ್ಲ. ಉಳಿದ ಲೋಕವೆಲ್ಲ ಅವನಿಗೆ ಮೊದಲಿನಂತೆಯೇ ಕಾಣುತ್ತಿತ್ತು. ಅದೊಂದು ಮುಖ ಮಾತ್ರ, ಎದುರಿಗೂ ಇಲ್ಲ, ಫೋಟೋದಲ್ಲೂ ಇಲ್ಲ, ಕನಸಿನಲ್ಲೂ ಇಲ್ಲ. ವಾರಿಜಾ ನಗುತ್ತಿದ್ದಾಳೋ ಇಲ್ಲವೋ ಎಂಬುದನ್ನು ಅವನು ಮಗಳ ಮುಖ ನೋಡಿ ತಿಳಿದುಕೊಳ್ಳುತ್ತಿದ್ದ. ಅವಳಿಗೆ ಅವನು ಏನೂ ಹೇಳಲಿಲ್ಲ. ಬದುಕಿ ಬಂದವಳಿಗೆ ಹೇಗೆ ಹೇಳುವುದು?

ಹೀಗೆ ವರ್ಷಗಳು ಹೋದವು. ಎಪ್ಪತ್ತನಾಲ್ಕರ ಓಣಂ ದಿನ ಕಮಲಾಕ್ಷನ ಮನೆಯವರು ಕೊಚ್ಚಿಯಿಂದ ಬರುವವರಿದ್ದರು. ವಾರಿಜಾ ಹೊಸ ಸೀರೆಯುಟ್ಟು, ಎಂದಿನಂತೆ ಅವನ ಮುಂದೆ ಬಂದು ನಿಂತಳು.

"ಬೊಟ್ಟು ನಡುವಿಗೆ ಉಂಟಾ?"

ದಿನಕರ ಆ ನುಣುಪಿನ ಕಡೆಗೆ ಕಣ್ಣೆತ್ತಿದ. ಹಣೆ ಇರಬೇಕಾದಲ್ಲಿ ಬಹಳ ಹೊತ್ತು ದೃಷ್ಟಿ ತಡೆದು ನಿಲ್ಲಿಸಿದ.

"ಉಂಟು," ಎಂದ. "ಸರಿಯಾಗಿ ನಡುವಿಗೆ."

ಬಾಗಿಲಲ್ಲಿ ಹೂ ಕಟ್ಟುತ್ತಿದ್ದ ರತ್ನ ಕಿಲಕಿಲ ನಕ್ಕಳು. "ಅಪ್ಪಾ, ಅಮ್ಮ ಪೊಟ್ಟು ತೊಟ್ಟಿಟ್ಟೇ ಇಲ್ಲಲ್ಲೋ! ಬೊಟ್ಟೇ ಇಟ್ಟಿಲ್ಲ!"

ಅವನು ತಲೆ ತಗ್ಗಿಸಿದ. ವಾರಿಜಾಳ ಬಲಗೈಯ ಬೆರಳ ತುದಿಯಲ್ಲಿ ಕುಂಕುಮ ಇನ್ನೂ ಹಸಿಯಾಗಿತ್ತು. ಅವಳು ಬೇಕೆಂದೇ ಅದನ್ನು ಹಣೆಗೆ ಇಟ್ಟಿರಲಿಲ್ಲ. ಅವನು ಮಗಳ ಕಡೆಗೆ ತಿರುಗಿದ. ಅಮ್ಮನನ್ನು ನೋಡುತ್ತಿದ್ದ ಮಗಳ ಮುಖದಲ್ಲಿ ನಗು ಮೆಲ್ಲಗೆ ಆರುತ್ತಿತ್ತು.