ಕಾರ್ಬುರೇಟರಿನ ಬಾಯಿ

ನನಗೆ ದೆವ್ವದ ಮೇಲೆ ನಂಬಿಕೆಯಿಲ್ಲ. ಡ್ರೈವರುಗಳ ಮೇಲಂತೂ ಇಲ್ಲವೇ ಇಲ್ಲ. ಹಾಗಾಗಿ ಎಪ್ಪತ್ತೆರಡರ ಬೇಸಿಗೆಯಲ್ಲಿ ಸಿರಾಜುದ್ದೀನ ತನ್ನ ಸಾವಕಾರರ ಅಂಬಾಸಿಡರನ್ನು ಶಹಾಬಾದದ ನನ್ನ ಗ್ಯಾರೇಜಿಗೆ ತಂದಾಗ, ಸೀಮೆಎಣ್ಣೆ ಬೆರೆಸಿದ್ದಾನೇನೋ ಎಂದು ಮೊದಲು ಪೆಟ್ರೋಲನ್ನೇ ಮೂಸಿ ನೋಡಿದೆ.

"ಚಿಮಣಿ ಎಣ್ಣಿ ಬೆರಸೀನಂತ ಸಾವಕಾರರೂ ಅಂತಾರ, ಮಿಸ್ತ್ರಿ. ಜೋರು ಹೋದ್ರ ಏನಿಲ್ಲ, ಸ್ಲೋ ಮಾಡಿದ್ರ ಬಂದ್ ಬೀಳ್ತದ. ನನ್ನ ನೌಕರಿ ಹೋಗ್ತದ್ರಿ," ಎಂದ.

ಪೆಟ್ರೋಲು ಚೊಕ್ಕಟವಾಗಿತ್ತು. ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲು ಚಿಮ್ಮುವ ಜೆಟ್ಟಿನ ಸಣ್ಣ ತೂತು ಊದಿದೆ, ಕಸವಿರಲಿಲ್ಲ. ಆದರೆ ಕಾರ್ಬುರೇಟರು ಎಂಜಿನ್ನಿಗಿಂತ ಹಳೆಯದಾಗಿ ಕಂಡದ್ದರಿಂದ ಅದು ಆ ಕಾರಿನದಲ್ಲವೆಂದು ಗುಮಾನಿ ಬಂತು.

ಅದನ್ನೇ ಮತ್ತೆ ಕೂಡಿಸಿ ರಾವೂರ ದಾರಿಗೆ ಹೊರಟೆವು. ಕಲ್ಲಿನ ಗಣಿಯ ತಿರುವಿನಲ್ಲಿ ಎಕ್ಸಲರೇಟರಿನಿಂದ ಕಾಲು ತೆಗೆದೆ. ಎಂಜಿನ್ ನಿಂತಿತು.

ಕೀಲಿ ಜೇಬಿಗೆ ಹಾಕಿಕೊಂಡು, ಬಾನೆಟ್ ಎತ್ತಿ, ಕಾರ್ಬುರೇಟರಿನ ಬಾಯಿಗೆ ಅಂಗೈ ಇಟ್ಟೆ. ಎಂಜಿನ್ ತಿರುಗುವಾಗ ಅದು ಗಾಳಿ ಎಳೆಯುತ್ತದೆ. ನಿಂತ ಮೇಲೆ ಎಳೆಯಬಾರದು. ಅದು ಮೆಲ್ಲಗೆ ನನ್ನ ಅಂಗೈ ಎಳೆಯಿತು. ಬಿಟ್ಟಿತು. ಮತ್ತೆ ಎಳೆಯಿತು, ಮಲಗಿದವರು ಉಸಿರಾಡಿದ ಹಾಗೆ. ಆ ಉರಿಬಿಸಿಲಿನಲ್ಲಿ, ಕಾದ ಎಂಜಿನ್ನಿನಿಂದ ಬಂದ ಗಾಳಿ ತಣ್ಣಗಿತ್ತು. ಅದಕ್ಕೆ ಗಣಿಯ ತಳದ ನೀರಿನ ವಾಸನೆಯಿತ್ತು.

ಸಿರಾಜುದ್ದೀನ ಕಾರಿನಿಂದ ಇಳಿದೇ ಇರಲಿಲ್ಲ.

"ಇದನ್ನ ಎಲ್ಲಿಂದ ತಂದು ಹಾಕಿದಿ?" ಎಂದು ಕೇಳಿದೆ.

"ಹಳೇ ಮಾಲ್ರಿ, ಇದೇ ಗಣ್ಯಾಗಿಂದ ಎತ್ತಿದ ಗಾಡೀದು. ಹೆಚ್ಚಿಗಿ ಕೇಳಬ್ಯಾಡ್ರಿ."

ಬೇರೊಂದು ಹಾಕಿದೆ, ಕಾರು ಸರಿಹೋಯಿತು. ಹಳೆಯದನ್ನು ಒಯ್ಯಲು ಅವನು ಬರಲೇ ಇಲ್ಲ. ಧೂಳು ಹೋಗಬಾರದೆಂದು ಅದರ ಬಾಯಿಗೆ ಒಣಬಟ್ಟೆ ಜಗ್ಗಿ ಕಟ್ಟಿ ಕಪಾಟಿನ ಮೇಲಿಟ್ಟಿದ್ದೇನೆ. ಯಾವಾಗ ನೋಡಿದರೂ ಬಟ್ಟೆ ಒದ್ದೆಯಾಗಿ, ಒಳಕ್ಕೆ ಕುಸಿದಿರುತ್ತದೆ.

ಇವತ್ತು ಹೊರಕ್ಕೆ ಉಬ್ಬಿ ನಿಂತಿತ್ತು.