ಗುಬ್ಬಿಯ ಲಿಸ್ಟಿನಲ್ಲಿ ಪಟಾಕಿ ಇಲ್ಲ

"ಇಲ್ಲ! ನನ್ನ ಹೆಸರೇ ಇಲ್ಲ! ಅಮ್ಮಾ, ಇಲ್ನೋಡು!"

ಹೊಲಿಗೆ ಮಷಿನ್ ನಿಂತಿತು. ಯಾರದೋ ಅಂಗಿಗೆ ಕಾಲರ್ ಹಚ್ಚುತ್ತಿದ್ದ ಅಮ್ಮ ಕನ್ನಡಕದ ಮೇಲಿಂದ ನೋಡಿದಳು. "ಮಷಿನ್ನಿಗಿಂತ ನಿನ್ನ ಸದ್ದೇ ಜೋರಾಯ್ತಲ್ಲೇ! ಎಲ್ಲಿ ಇಲ್ಲ?"

"ಗುಬ್ಬಿ ಲಿಸ್ಟಲ್ಲಿ!"

ಹೀಗೆ ಸಿಡಿಯುವ ಮಗಳಿಗೆ ಪಟಾಕಿ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಐದನೇ ಕ್ಲಾಸಿನವರು ಬರೆದ ಕತೆ, ಕವನಗಳನ್ನೆಲ್ಲ ಲೈಬ್ರರಿ ಮಿಸ್ ಒಂದು ಆನ್‌ಲೈನ್ ಪುಟದಲ್ಲಿ ಹಾಕುತ್ತಾರೆ. ಶುಕ್ರವಾರ ಬಂತೆಂದರೆ ಪ್ರತಿಯೊಬ್ಬರೂ ಬೇರೆಯವರು ಬರೆದದ್ದರಲ್ಲಿ ಮೂರನ್ನು ಆರಿಸಿ 'ಇದನ್ನು ಓದಿ' ಎಂದು ಲಿಸ್ಟ್ ಮಾಡಬೇಕು. ಯಾಕೆ ಇಷ್ಟವಾಯಿತು ಅಂತ ಒಂದು ಸಾಲನ್ನೂ ಬರೆಯಬೇಕು.

ಪಟಾಕಿ ತನ್ನ ಜೀವದ ಗೆಳತಿ ಗುಬ್ಬಿಯ 'ಸೋಫಾ ಕಳ್ಳ' ಕತೆಗೆ ಮೊದಲ ಸ್ಥಾನ ಕೊಟ್ಟಿದ್ದಳು. ಗುಬ್ಬಿ ಮಾಡಿದ್ದೇನು? ಪಟಾಕಿಯ ಸೈಕಲ್ ಕವನ ಬಿಟ್ಟು, ಕೊನೇ ಬೆಂಚಿನ ಉದ್ದಣ್ಣನ ಇರುವೆ ಕವನ ಹಾಕಿದ್ದಳು. ಇರುವೆ! ಅದೂ ನಾಲ್ಕೇ ಸಾಲು! ಎಂಥಾ ಅನ್ಯಾಯ!

ಸೋಮವಾರ ಸ್ಕೂಲ್ ಗೇಟಿನಲ್ಲೇ ಗುಬ್ಬಿಯನ್ನು ತಡೆದು ನಿಲ್ಲಿಸಿದಳು. "ನಾನು ನಿನ್ನ ಫಸ್ಟ್ ಹಾಕಿದೀನಿ. ನೀನು ನನ್ನ ಮೂರನೇದಾಗೂ ಹಾಕಿಲ್ಲ. ಇದೇನಾ ನಿನ್ನ ಫ್ರೆಂಡ್‌ಶಿಪ್ಪು?"

ಗುಬ್ಬಿ ಬ್ಯಾಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಆಮೇಲೆ, "ನನ್ನ ಕತೆ ಓದಿದ್ಯಾ?" ಅಂದಳು.

"ಓದದೇ ಫಸ್ಟ್ ಕೊಡ್ತೀನಾ?"

"ಹಾಗಾದ್ರೆ ಕೊನೇಲಿ ಏನಾಗುತ್ತೆ, ಹೇಳು."

"ಕೊನೇಲಿ... ಕಳ್ಳ ಸಿಕ್ಕಿಬೀಳ್ತಾನೆ."

ಗುಬ್ಬಿಯ ಮುಖ ಕೆಂಪಾಯಿತು. ಯಾವತ್ತೂ ದನಿ ಎತ್ತದ ಹುಡುಗಿ, "ಇನ್ಮೇಲೆ ನನ್ನ ಹೆಸರು ಎಲ್ಲೂ ಹಾಕ್ಬೇಡ! ನನ್ನ ಜೊತೆ ಮಾತಾಡ್ಲೂಬೇಡ!" ಎಂದು ಕೂಗಿ ಹೋಗಿಬಿಟ್ಟಳು. ಇಡೀ ದಿನ ಬೇರೆ ಬೆಂಚಿನಲ್ಲಿ ಕೂತಳು.

ಮನೆಗೆ ಬರುವಾಗ ಪಟಾಕಿಗೆ ಮೈಯೆಲ್ಲ ಉರಿ. ಫಸ್ಟ್ ಕೊಟ್ಟವಳೂ ನಾನೇ, ಬೈಸಿಕೊಂಡವಳೂ ನಾನೇ! ಅಂಥದ್ದೇನಿದೆ ಆ ಕತೆಯಲ್ಲಿ? ಹತ್ತು ತಪ್ಪು ಹುಡುಕಿ ತೋರಿಸ್ತೀನಿ ಎಂದುಕೊಂಡು ಅಮ್ಮನ ಫೋನ್ ಹಿಡಿದು ಕೂತಳು.

ಸೋಫಾ ಕಳ್ಳ ಬೇರೆ ಯಾರೂ ಅಲ್ಲ, ಗುಬ್ಬಿಯ ಮನೆಯ ನಾಯಿ ಗುಂಡ. ಯಾರಾದರೂ ಎದ್ದರೆ ಸಾಕು, ಅವರ ಜಾಗ ಹೊಡೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಪಟಾಕಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿಕೊಂಡು ಓದಿದಳು.

ಆಮೇಲೆ ಗುಂಡ ಊಟ ಬಿಟ್ಟ. ಸೋಫಾ ಹತ್ತಲಾಗದೆ ಕೆಳಗೇ ನಿಂತು ಎಲ್ಲರ ಮುಖ ನೋಡಿದ. ಗುಬ್ಬಿಯ ಅಪ್ಪ ಎತ್ತಿ ಮಲಗಿಸಿದರು. ಬೆಳಿಗ್ಗೆ ನೋಡಿದರೆ ಮೈ ತಣ್ಣಗಾಗಿತ್ತು. 'ಈಗ ಜಾಗ ಕದಿಯುವವರು ಯಾರೂ ಇಲ್ಲ. ಆದರೂ ಬಲಗಡೆ ಮೂಲೆಯಲ್ಲಿ ನಾವು ಕೂರುವುದಿಲ್ಲ.' ಕತೆ ಅಷ್ಟೇ.

ಗುಂಡ ಸತ್ತುಹೋದನಾ? ಯಾವಾಗ? ರಜೆಗೆ ಪಟಾಕಿ ಚಿಕ್ಕಮ್ಮನ ಮನೆಗೆ ಹೋಗಿದ್ದಾಗಲೇ ಇರಬೇಕು. ಗುಬ್ಬಿ ಒಂದು ಮಾತೂ ಹೇಳಿರಲಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದಿದ್ದಳು.

ಕತೆಯ ಕೆಳಗೆ, ಅದನ್ನು ಆರಿಸಿದವಳೆಂದು ಪಟಾಕಿಯ ಹೆಸರಿತ್ತು. ಜೊತೆಗೆ ಅವಳೇ ಬರೆದ ಸಾಲು: 'ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು! ಎಲ್ಲರೂ ತಪ್ಪದೆ ಓದಿ!'

"ಛೀ!" ಎಂದು ಪಟಾಕಿ ತನ್ನ ತಲೆಗೆ ತಾನೇ ಮೊಟಕಿಕೊಂಡಳು. ಆ ಸಾಲನ್ನು ಅಳಿಸಿದಳು. ಅದರ ಜಾಗದಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ. "ಅಮ್ಮಾ, ಗುಬ್ಬಿ ಮನೆಗೆ ಹೋಗ್ಬರ್ತೀನಿ," ಎಂದು ಚಪ್ಪಲಿ ಮೆಟ್ಟಿ ಓಡಿದಳು.

ಬಾಗಿಲು ತೆರೆದ ಗುಬ್ಬಿ ಮುಖ ತಿರುಗಿಸಿಕೊಂಡೇ ಪಕ್ಕಕ್ಕೆ ಸರಿದಳು. ಒಳಗೆ ಸೋಫಾದ ಎಡತುದಿಯಲ್ಲಿ ಅವಳ ಅಜ್ಜ ಮತ್ತು ತಮ್ಮ ಒತ್ತಿಕೊಂಡು ಕೂತಿದ್ದರು. "ಬಾ ಮರಿ, ಕೂತ್ಕೊ," ಅಂದರು ಅಜ್ಜ.

ಪಟಾಕಿ ನೆಲದ ಮೇಲೆ ಕೂತಳು.

ಗುಬ್ಬಿ ಒಮ್ಮೆ ಆ ಖಾಲಿ ಮೂಲೆ ನೋಡಿದಳು, ಒಮ್ಮೆ ಪಟಾಕಿಯನ್ನು ನೋಡಿದಳು. "ಓದಿದ್ಯಾ?"

"ಈಗ ಓದಿದೆ. ಅವತ್ತು ಓದಿರ್ಲಿಲ್ಲ ಕಣೆ. ಸುಳ್ಳೇ ಬರ್ದಿದ್ದೆ."

ಗುಬ್ಬಿ ನಿಧಾನವಾಗಿ ಬಂದು ಪಕ್ಕದಲ್ಲಿ ಕೂತಳು. "ಅವತ್ತು ಬೆಳಿಗ್ಗೆ ಅವನನ್ನ ಫಸ್ಟ್ ನೋಡಿದ್ದು ನಾನೇ ಕಣೆ," ಎಂದು ಶುರು ಮಾಡಿದಳು.

ಪಟಾಕಿ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.